ಮಾವನ ಹೊಲಿಗೆ

ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದರೂ ಅವಳು ಅವನ ಹೊಟ್ಟೆಯ ಮೇಲೆ ಕೈಯಿಟ್ಟಳು. ವೈದ್ಯೆಯ ಹಳೆಯ ಚಾಳಿ, ಕಾಯಿಲೆಯ ದೇಹ ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಅಂಗೈಯಡಿ ಅದು ಬೆಚ್ಚಗಿತ್ತು, ತುಸು ಉಬ್ಬಿತ್ತು, ಹೊಟ್ಟೆ ಬಿರಿಯ ಉಂಡು ಮಲಗಿದವನ ಹೊಟ್ಟೆ ಎನ್ನಬಹುದು, ಅಷ್ಟೆ. ಎದೆಗೂಡಿನ ಕೆಳಗಿಂದ ಹೊಕ್ಕುಳನ್ನು ಬಳಸಿ ಇಳಿದ ಬ್ಯಾಂಡೇಜು, ಅದರಡಿ ಇಲ್ಲೇ ಸರ್ಜನ್ನರಾದ ಅವಳ ಮಾವನ ಹೊಲಿಗೆ. ಸಿಸ್ಟರು ಮೂತ್ರದ ನಳಿಕೆಯೊಳಗೆ ಸ್ವಲ್ಪ ಸಲೈನ್ ಬಿಟ್ಟು, ನಳಿಕೆಗೆ ಕ್ಲಿಪ್ಪು ಹಾಕಿ, ಅವನ ಉಸಿರು ಪೂರ್ತಿ ಹೊರಗೆ ಹೋಗುವುದನ್ನೇ ಕಾದು ಮಾನಿಟರಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಒತ್ತಡ ಇಪ್ಪತ್ತೆರಡು. ಹೊಟ್ಟೆಯೊಳಗಿನ ಬಿಗುವನ್ನು ಹೊಟ್ಟೆಯ ಚರ್ಮ ಮುಚ್ಚಿಡುತ್ತದೆ, ಮೂತ್ರಕೋಶ ಮುಚ್ಚಿಡುವುದಿಲ್ಲ. ಹನ್ನೆರಡು ದಾಟಿದರೆ ಕಣ್ಣಿಡಬೇಕು. ಇಪ್ಪತ್ತು ದಾಟಿ, ಅದರ ಜೊತೆಗೆ ಕಿಡ್ನಿಯೋ ಶ್ವಾಸಕೋಶವೋ ಸೋಲತೊಡಗಿದರೆ ಆ ಹೊಟ್ಟೆ ತನ್ನ ಒಡೆಯನನ್ನೇ ಹಿಸುಕುತ್ತಿದೆ ಎಂದರ್ಥ. ಮಂಚದ ಪಕ್ಕಕ್ಕೆ ತೂಗಿದ್ದ ಚೀಲದ ತಳದಲ್ಲಿ ಚಹಾದ ಬಣ್ಣದ ಮೂತ್ರ ಬೆರಳಗಲವೂ ಇರಲಿಲ್ಲ. ಹೊಲಿಗೆ ಬಿಚ್ಚಬೇಕಾಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಬೆಳಿಗ್ಗೆಯಿಂದ ಅವಳನ್ನು ಕಾಡುತ್ತಿದ್ದುದೂ ಅದೇ. ಅನುಮಾನವಿಲ್ಲದಿರುವುದು ಇಷ್ಟು ಹಿತವಾಗಿರಬಾರದಿತ್ತು.

ಮಲಗಿದ್ದವನು ಕ್ರೇನ್ ನಡೆಸುವವನು. ಕಟ್ಟುತ್ತಿದ್ದ ಯಾವುದೋ ಎತ್ತರದ ಕಟ್ಟಡದ ನೆತ್ತಿಯ ಮೇಲೆ, ಗಾಜಿನ ಗೂಡಿನಲ್ಲಿ ಕೂತು ಹೊಟ್ಟೆನೋವನ್ನು ಹಲ್ಲುಕಚ್ಚಿ ಹಿಡಿದಿದ್ದನಂತೆ. ಇಳಿದು ಬಂದರೆ ಮತ್ತೆ ಹತ್ತಬೇಕಲ್ಲ ಎಂಬ ಸೋಮಾರಿತನವೋ, ಇಳಿಯುವುದು ಗಂಡಸುತನಕ್ಕೆ ಕಡಿಮೆ ಎಂಬ ಹಮ್ಮೋ. ಹೊಟ್ಟೆಯ ಹುಣ್ಣು ಒಡೆದು ಒಳಗೆಲ್ಲ ಹರಡಿದ ಮೇಲೆ ನಾಲ್ಕು ಜನ ಹಗ್ಗ ಕಟ್ಟಿ ಇಳಿಸಿ ತಂದಿದ್ದರು. ಮಾವ ಆಪರೇಷನ್ ಮಾಡಿದರು. ತೂತು ಮುಚ್ಚಿ, ಒಳಗೆ ತೊಳೆದು, ಊದಿಕೊಂಡ ಕರುಳನ್ನು ಒಳಕ್ಕೆ ಒತ್ತಿ ಒತ್ತಿ ಮಡಚಿಟ್ಟು ಹೊಲಿದಾಗ ಥಿಯೇಟರಿನಲ್ಲಿದ್ದವರೆಲ್ಲ ಆ ಹೊಲಿಗೆಯನ್ನು ನೋಡಲು ಕತ್ತು ಚಾಚಿದ್ದರು. ಆಪರೇಷನ್ನಿಗೆ ಮೊದಲೂ ಆಮೇಲೂ ಬಿಪಿ ನಿಲ್ಲದಿದ್ದಾಗ ಬಾಟಲಿ ಮೇಲೆ ಬಾಟಲಿ ಸಲೈನ್ ಹರಿಸಿದವಳು ಅವಳು. ಹರಿಸದಿದ್ದರೆ ಅವನು ಆವತ್ತೇ ಹೋಗುತ್ತಿದ್ದ. ಹರಿಸಿದ್ದರಿಂದ ಬದುಕಿದ, ಮತ್ತು ಆ ನೀರೆಲ್ಲ ರಕ್ತನಾಳಗಳಿಂದ ಸೋರಿ ಕರುಳಿಗೆ ಇಳಿದು, ಕರುಳು ಇನ್ನಷ್ಟು ಊದಿ, ಈಗ ಒಳಗೆ ಜಾಗವಿಲ್ಲ. ತುಂಬಿದವಳು ತಾನು, ಬಾಯಿ ಕಟ್ಟಿದವರು ಮಾವ. ಒಂದೇ ಮನೆಯವರು ಸೇರಿ ಒಬ್ಬನನ್ನು ಉಳಿಸಿದ್ದೇವೆ, ಅದೇ ಎರಡು ಕೈಗಳಿಂದ ಈಗ ಕುತ್ತಿಗೆ ಹಿಸುಕುತ್ತಿದ್ದೇವೆ ಎಂದುಕೊಂಡಳು. ಅಂದುಕೊಂಡದ್ದು ಸ್ವಲ್ಪ ನಾಟಕೀಯವಾಯಿತು ಎನಿಸಿ ಸಿಸ್ಟರಿನತ್ತ ತಿರುಗಿ, ಮೂಗಿನಿಂದ ಜಠರಕ್ಕಿಳಿದ ನಳಿಕೆಯಲ್ಲಿ ಇನ್ನೊಮ್ಮೆ ಒಳಗಿನದನ್ನು ಎಳೆದು ಖಾಲಿ ಮಾಡಲು ಹೇಳಿದಳು.

ಬೆಳಿಗ್ಗೆ ಮಾವನ ಕಾರಿನಲ್ಲೇ ಬಂದಿದ್ದಳು, ದಿನದಂತೆ. ದಾರಿಯುದ್ದಕ್ಕೂ ಅವರು ಅತ್ತೆಯ ಹೊಸ ಕನ್ನಡಕದ ಕಥೆ ಹೇಳಿದರು. "ಕನ್ನಡಕ ಬಂದ ಮೇಲೆ ನನ್ನ ಮುಖದಲ್ಲಿ ಸುಕ್ಕು ಜಾಸ್ತಿಯಾಗಿದೆ ಅಂತಾಳೆ ನಿಮ್ಮತ್ತೆ. ಇಷ್ಟು ದಿನ ಯಾರ ಜೊತೆ ಸಂಸಾರ ಮಾಡಿದ್ಳೋ ಏನೋ!" ಅವಳು ನಕ್ಕಿದ್ದಳು. ಮನೆಯಲ್ಲಿ, ಕಾರಿನಲ್ಲಿ ಅವರು ಮಾವ. ಆಸ್ಪತ್ರೆಯ ಗೇಟು ದಾಟಿದರೆ ಸರ್. ಈ ಗೇಟನ್ನು ಅವಳು ಮದುವೆಯಾದ ಹೊಸತರಲ್ಲಿ ತಾನೇ ಹಾಕಿಕೊಂಡಿದ್ದಳು, ಅವರು ಅದನ್ನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರಿಗೆ ಅವಳು ಎಲ್ಲ ಕಡೆಯೂ ಅಮ್ಮಾ. ಗಣಿತದ ಮೇಷ್ಟ್ರಾದ, ರಕ್ತ ಕಂಡರೆ ತಲೆಸುತ್ತಿ ಕೂರುವ ಮಗನಿಗಿಂತ ಸೊಸೆಯ ಮೇಲೆ ಅವರಿಗೆ ಅಕ್ಕರೆ ಹೆಚ್ಚು ಎಂದು ಊರಿಗೆಲ್ಲ ಗೊತ್ತಿತ್ತು. ಆ ಅಕ್ಕರೆಯೇ ಅವಳಿಗೆ ಕೆಲವೊಮ್ಮೆ ಬಿಗಿಯಾದ ರವಿಕೆಯಂತೆ ತೋಳ ಸಂದಿಯಲ್ಲಿ ಕತ್ತರಿಸುತ್ತಿತ್ತು.

ರೌಂಡ್ಸಿಗೆ ಬಂದಾಗ ಅವರ ಹಿಂದೆ ಎಂದಿನಂತೆ ಕಿರಿಯ ವೈದ್ಯರ ಹಿಂಡಿತ್ತು. "ಏನಮ್ಮಾ, ಹೇಗಿದ್ದಾನೆ ನಮ್ಮ ಆಕಾಶದವನು?"

"ಹೊಟ್ಟೆಯೊಳಗೆ ಒತ್ತಡ ಇಪ್ಪತ್ತೆರಡಿದೆ ಸರ್. ಮೂತ್ರ ಕಡಿಮೆಯಾಗ್ತಾ ಬಂತು. ವೆಂಟಿಲೇಟರು ಉಸಿರು ತಳ್ಳೋಕೆ ಒದ್ದಾಡ್ತಿದೆ. ಬೇರೆ ಎಲ್ಲಾ ಪ್ರಯತ್ನ ಮಾಡ್ತೀನಿ. ಇಳೀದಿದ್ರೆ ಹೊಲಿಗೆ ಬಿಚ್ಚಬೇಕಾಗುತ್ತೆ."

ಅವರು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಪ್ರಜ್ಞೆಯಿಲ್ಲದ ರೋಗಿಗೂ ತಣ್ಣನೆಯ ಕೈ ತಾಗಿಸದ ಅವರ ಈ ಅಭ್ಯಾಸವನ್ನು ಅವಳು ಮೊದಲಿಂದಲೂ ಮೆಚ್ಚಿದ್ದಳು. ಇವತ್ತು ಮೆಚ್ಚಬೇಕಾದದ್ದಕ್ಕೆ ಸಿಟ್ಟು ಬಂತು. ಎಲ್ಲ ಮೂಲೆಗಳನ್ನೂ ಒತ್ತಿದರು. "ಮೆತ್ತಗಿದೆ," ಎಂದರು. "ನೀವೂ ನೋಡಿ." ಒಬ್ಬೊಬ್ಬರಾಗಿ ಮುಂದೆ ಬಂದು ಒತ್ತಿ, ಮೆತ್ತಗಿದೆ ಸರ್, ಮೆತ್ತಗಿದೆ ಸರ್ ಎಂದು ಹಿಂದೆ ಸರಿದರು. "ನೋಡಮ್ಮಾ, ನಾನು ಹೊಟ್ಟೆ ಮುಟ್ತಾ ಮುಟ್ತಾನೇ ಮುದುಕ ಆದೋನು. ನೀನು ಉಚ್ಚೆ ಚೀಲದಲ್ಲಿ ಭವಿಷ್ಯ ನೋಡ್ತೀಯ." ಹಿಂಡು ನಕ್ಕಿತು. "ಆದ್ರೂ ಸೊಸೆ ಹೇಳಿದ ಮೇಲೆ ಅಪೀಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಮಾವನಿಗೆ ಯಾವ ಕಾಲವೂ ಇಲ್ಲ. ಸಂಜೆವರೆಗೆ ನೋಡೋಣ." ಹಿಂಡು ಇನ್ನಷ್ಟು ನಕ್ಕಿತು. ಅದರ ಜೊತೆ ತಾನೂ ನಕ್ಕದ್ದು, ಹಲ್ಲು ಕಾಣಿಸುವಷ್ಟು ನಕ್ಕದ್ದು, ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ಅವಳ ಅರಿವಿಗೆ ಬಂತು. ಕಿವಿ ಬಿಸಿಯಾಯಿತು. ಅವರು ಹಾಸ್ಯ ಮಾಡಿದ್ದಕ್ಕಲ್ಲ. ಹಾಸ್ಯ ಮಾಡುವುದು ಅವರ ಸ್ವಭಾವ. ತನ್ನ ಮುಖ ತನ್ನನ್ನು ಕೇಳದೆಯೇ ಸೊಸೆಯ ಮುಖವಾಗಿಬಿಟ್ಟಿತಲ್ಲ ಎಂದು.

ಆ ಮನೆಗೆ ಸೊಸೆಯಾಗುವುದಕ್ಕೆ ಮುಂಚೆಯೇ ಅವರ ಹೊಲಿಗೆ ಅವಳ ಮೈಮೇಲಿತ್ತು. ಓದುತ್ತಿದ್ದಾಗ ಅಪೆಂಡಿಕ್ಸ್ ಆಗಿ ಹಾಸ್ಟೆಲಿನಿಂದ ಎತ್ತಿಕೊಂಡು ಬಂದಿದ್ದರು, ತೆಗೆದವರು ಅವರೇ. ಎಚ್ಚರವಾದಾಗ ಮಂಚದ ಪಕ್ಕ ನಿಂತು, "ಕನ್ನಡಿಯಲ್ಲಿ ನೋಡ್ಕೊಳಮ್ಮಾ, ನಿನ್ನ ಗಂಡನಿಗೂ ಹುಡುಕಿದ್ರೆ ಸಿಗಬಾರದು, ಹಾಗೆ ಹೊಲಿದಿದ್ದೀನಿ," ಎಂದಿದ್ದರು. ಆ ಗಂಡ ತನ್ನ ಮಗನೇ ಆದಾನು ಎಂದು ಅವರಿಗೇನು ಗೊತ್ತು. ಮದುವೆಯ ದಿನ ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಾವು ಸೊಸೆಯ ಒಳಗು ಹೊರಗು ಎಲ್ಲಾ ನೋಡಿಯೇ ತಂದಿದ್ದೀವಿ!" ನಗದವರಿಲ್ಲ. ಅವಳೂ ನಕ್ಕಿದ್ದಳು, ಇವತ್ತು ನಕ್ಕ ಹಾಗೆಯೇ. ಹೊಟ್ಟೆಕಿಚ್ಚು, ಹೊಟ್ಟೆ ಉರಿ, ಹೊಟ್ಟೆ ತಣ್ಣಗಿರಲಿ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಜನ ಸಿಟ್ಟು, ಹರಕೆ, ಕ್ಷಮೆ ಎಲ್ಲವನ್ನೂ ಈ ಒಂದು ಚೀಲಕ್ಕೇ ತುರುಕುತ್ತಾರೆ, ಅದಕ್ಕೂ ಒಂದು ಅಳತೆಯುಂಟು ಎಂದು ಯಾರಿಗೂ ನೆನಪಿಲ್ಲ. ಇಷ್ಟೊಂದು ಹೊಟ್ಟೆಗೆ ಹಾಕಿಕೊಂಡವಳು ಇವತ್ತು ಇವನ ಹೊಟ್ಟೆಯ ನೆಪದಲ್ಲಿ ಅದನ್ನೆಲ್ಲ ಕಕ್ಕಲು ಹೊರಟಿದ್ದೇನೆಯೇ? ಇಪ್ಪತ್ತೆರಡು ಎನ್ನುವುದು ಇವನ ಅಂಕಿಯೋ, ನನ್ನದೋ? ಅವಳು ನಿಂತಲ್ಲೇ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡಳು. ಉತ್ತರ ಬರಲು ತಡವಾಗಲಿಲ್ಲ. ಮಾವನನ್ನು ಗೆಲ್ಲಬೇಕೆಂಬ ಆಸೆ ಇದೆ. ಇರಲಿ. ಅದು ಇದ್ದರೂ ಇಲ್ಲದಿದ್ದರೂ ಇವನಿಗೆ ಮೂತ್ರ ಬರುತ್ತಿಲ್ಲ.

ಮಧ್ಯಾಹ್ನದವರೆಗೆ ಮಾಡಬಹುದಾದದ್ದನ್ನೆಲ್ಲ ಮಾಡಿದಳು. ಸಲೈನ್ ಕಡಿಮೆ ಮಾಡಿಸಿದಳು. ನಿದ್ದೆಯ ಔಷಧ ಏರಿಸಿದಳು. ಹೊಟ್ಟೆಯ ಸ್ನಾಯುಗಳು ಸಡಿಲವಾಗಲೆಂದು ಮೈಯೆಲ್ಲ ನಿಶ್ಚಲಗೊಳಿಸುವ ಮದ್ದು ಕೊಟ್ಟಳು. ಸ್ಕ್ಯಾನಿನ ಕಡ್ಡಿಯಿಟ್ಟು, ಸೂಜಿ ಹಾಕಿ ಹೊರಗೆಳೆಯಬಹುದಾದ ನೀರು ಎಲ್ಲಾದರೂ ನಿಂತಿದೆಯೇ ಎಂದು ಹುಡುಕಿದಳು. ನಿಂತ ನೀರಿರಲಿಲ್ಲ, ಇದ್ದದ್ದೆಲ್ಲ ಊದಿದ ಕರುಳು. ಅಂಕಿ ಹತ್ತೊಂಬತ್ತಕ್ಕೆ ಇಳಿಯಿತು. ಸಿಸ್ಟರು ಮುಗುಳ್ನಕ್ಕಳು. ಸ್ವಲ್ಪ ಹೊತ್ತಿಗೆ ಮತ್ತೆ ಏರಿತು, ಇಪ್ಪತ್ತಾರು. ಸಿಸ್ಟರು ಮುಖ ತಿರುಗಿಸಿ ಚಾದರ ಸರಿಮಾಡಿದಳು.

ನೆಂಟರನ್ನು ಒಳಗೆ ಬಿಡುವ ಹೊತ್ತಿನಲ್ಲಿ ಅವನ ಅಕ್ಕ ಬಂದಳು. ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಮುಂಗೈ ಮೇಲೆ ಹಳೆಯ ಸುಟ್ಟ ಗುರುತುಗಳು ಒಂದರ ಪಕ್ಕ ಒಂದು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಬೆಳೆಸಿದವಳು. ಮಂಚದ ಕಾಲ ಬಳಿ ನಿಂತು ತಮ್ಮನ ಮುಖವನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಕಣ್ಣೇ ಕಾಣಿಸ್ತಿಲ್ವಲ್ಲ ಡಾಕ್ಟ್ರೇ. ಇಷ್ಟು ಊದಿಬಿಟ್ಟಿದ್ದಾನೆ. ಇಳಿಯುತ್ತಾ?"

"ಮುಖ ಇಳಿಯುತ್ತೆ. ನನಗೆ ಯೋಚನೆ ಹೊಟ್ಟೆಯದು. ಒಳಗೆ ಕರುಳು ಊದಿ ಜಾಗ ಸಾಲ್ತಿಲ್ಲ. ಅದು ಕಿಡ್ನಿನೂ ಒತ್ತುತ್ತೆ, ಮೇಲಕ್ಕೆ ಶ್ವಾಸಕೋಶನೂ ಒತ್ತುತ್ತೆ."

"ಯಾಕೆ ಊದಿತು?"

"ಕಾಯಿಲೆಯಿಂದ. ಜೊತೆಗೆ ನಾವು ಕೊಟ್ಟ ನೀರಿಂದ."

"ಯಾರು ಕೊಟ್ಟಿದ್ದು?"

"ನಾನೇ."

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಗುಳ ಬರುತ್ತದೆ ಎಂದು ಅವಳು ಕಾದಳು. ಬಂದರೆ ನಿಲ್ಲಲು ಸಿದ್ಧಳಾಗಿದ್ದಳು. "ಕೊಡದೇ ಇದ್ದಿದ್ರೆ?" ಅಕ್ಕ ಕೇಳಿದಳು. "ಮೊದಲನೇ ದಿನವೇ ಕಳ್ಕೋತಿದ್ವಿ." "ಹಾಗಾದ್ರೆ ಕೊಟ್ಟಿದ್ದು ಕೊಟ್ಟಾಯ್ತು," ಎಂದಳು ಅಕ್ಕ, ಅಂಗಡಿಯಲ್ಲಿ ಗಿರಾಕಿಯ ಬಟ್ಟೆ ಬೇರೆ ಮಾಡುವವಳ ದನಿಯಲ್ಲಿ. "ಈಗ ಏನ್ಮಾಡ್ತೀರಿ ಹೇಳಿ."

"ಹೊಲಿಗೆ ಬಿಚ್ಚಿ ಹೊಟ್ಟೆ ತೆರೆದು ಇಡ್ಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಊತ ಇಳಿಯೋವರೆಗೆ ಹಾಗೇ. ನೋಡೋಕೆ ಕಷ್ಟ ಆಗುತ್ತೆ."

"ನೋಡೋದು ನಾನು, ಕಷ್ಟ ನನಗಿರ್ಲಿ. ಅವನು ಉಳೀತಾನಾ?"

ಈ ಪ್ರಶ್ನೆಗೆ ವೈದ್ಯರು ಹೇಳುವ ಮಾತುಗಳು ಅವಳ ಬಾಯಲ್ಲಿ ಸಾಲಾಗಿ ನಿಂತವು. ಅವನ್ನು ಸರಿಸಿ, "ತೆರೆದ್ರೆ ಉಳಿಯೋ ದಾರಿ ಇದೆ. ತೆರೆಯದಿದ್ರೆ ಇಲ್ಲ," ಎಂದಳು. ಹೇಳಿದ ಮೇಲೆ ಗೊತ್ತಾಯಿತು, ಮಾವನನ್ನು ಕೇಳುವ ಮೊದಲೇ ಅಕ್ಕನಿಗೆ ಮಾತು ಕೊಟ್ಟಾಗಿದೆ.

ಸರ್ಜನ್ನರ ಕೋಣೆಯಲ್ಲಿ ಮಾವ ಒಬ್ಬರೇ ಇದ್ದರು. ಚಪ್ಪಲಿ ಬಿಟ್ಟು ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಕಾಲಿನ ನರಗಳು ಗಂಟುಗಂಟಾಗಿ ನೀಲಿಗಟ್ಟಿದ್ದವು, ಜೀವಮಾನವಿಡೀ ನಿಂತೇ ಕೆಲಸ ಮಾಡಿದವರ ಕಾಲು. ಅದನ್ನು ಕಂಡು ಅವಳಿಗೆ ಬಾಗಿಲಲ್ಲೇ ಕರುಳು ಚುರ್ ಎಂದಿತು, ಮತ್ತು ಹಾಗೆ ಎಂದದ್ದಕ್ಕೆ ಅಂಜಿಕೆಯಾಯಿತು. ಕೂರಲಿಲ್ಲ.

"ಇಪ್ಪತ್ತಾರಾಗಿದೆ ಸರ್. ಎಲ್ಲಾ ಮಾಡಿ ಆಯ್ತು. ಮೂತ್ರ ನಿಂತೇ ಹೋಗಿದೆ. ತೆರೀಬೇಕು."

"ಕೂತ್ಕೋ."

"ಬೇಡ ಸರ್."

ಬಿಸ್ಕತ್ತು ಅರ್ಧ ಮುರಿದು ಲೋಟದೊಳಗೆ ಬಿತ್ತು. ಅವರು ಅದನ್ನೇ ನೋಡಿದರು. "ತೆರೆಯೋದು ಸುಲಭ ಕಣಮ್ಮಾ. ತೆರೆದ ಹೊಟ್ಟೆ ಮುಚ್ಚೋದು ಯಾರು? ಒಬ್ಬಳನ್ನ ತೆರೆದಿಟ್ಟಿದ್ದೆ, ನೀನಿನ್ನೂ ಬಂದಿರ್ಲಿಲ್ಲ. ಕರುಳು ತೂತಾಯ್ತು. ತಿಂದಿದ್ದೆಲ್ಲ ಹೊಟ್ಟೆ ಮೇಲೇ ಬರೋದು. ಚಾದರ ಬದಲಾಯಿಸಿ ಬದಲಾಯಿಸಿ ಸಿಸ್ಟರುಗಳು ಅಳ್ತಿದ್ರು. ಆಕೆ ಕೊನೆಗೆ ನನ್ನ ಕೈ ಹಿಡ್ಕೊಂಡು, ಮುಚ್ಚಿಬಿಡಿ ಡಾಕ್ಟ್ರೇ, ಸತ್ರೆ ಮುಚ್ಚಿದ ಹೊಟ್ಟೇಲೇ ಸಾಯ್ತೀನಿ ಅಂದ್ಳು." ಅವರ ದನಿಯಲ್ಲಿ ಹಾಸ್ಯದ ಎಳೆಯೂ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡರೂ ಈ ಹೆಂಗಸಿನ ವಿಷಯ ಅವಳು ಕೇಳಿರಲಿಲ್ಲ. ಹಾಗಾದರೆ ಬೆಳಗಿನ ಹಾಸ್ಯ ತನ್ನ ಮೇಲಾಗಿರಲಿಲ್ಲ. ಅದರ ಹಿಂದೆ ಈಕೆ ಮಲಗಿದ್ದಳು. ಇದನ್ನು ತಿಳಿದ ಮೇಲೂ ತನ್ನ ಮಾತು ಬದಲಾಗದು ಎಂಬುದು ಅವಳಿಗೆ ಅಷ್ಟೇ ಸ್ಪಷ್ಟವಾಗಿತ್ತು.

"ಆ ಭಯ ನನಗೂ ಇದೆ. ಆದ್ರೆ ಇವನಿಗೆ ನಾಳೆ ಅನ್ನೋದು ಇದ್ರೆ ತಾನೇ ಕರುಳು ತೂತಾಗೋದು? ನೀವು ತೆರೆಯಲ್ಲ ಅಂದ್ರೆ ನಾನು ಇನ್ನೊಬ್ಬ ಸರ್ಜನ್ನರನ್ನ ಕರೀತೀನಿ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು, ಅದಕ್ಕೇ ಮೊದಲು ಇಲ್ಲಿಗೆ ಬಂದೆ."

ಅವರು ಕಾಲನ್ನು ಕುರ್ಚಿಯಿಂದ ಇಳಿಸಿದರು. ಇವರು ಎದ್ದು ಬೈದರೆ ಸಲೀಸು, ಅಳುಮುಖ ಮಾಡಿದರೆ ಏನು ಗತಿ ಎಂದು ಅವಳು ಯೋಚಿಸುತ್ತಿರುವಾಗ, "ನನ್ನ ಕೈಗೆ ಮೆತ್ತಗೆ ಸಿಕ್ತಲ್ಲಮ್ಮಾ," ಎಂದರು, ದೂರು ಹೇಳುವ ಮಗುವಿನಂತೆ.

"ನನಗೂ ಮೆತ್ತಗೇ ಸಿಕ್ಕಿದ್ದು. ಬೆಳಿಗ್ಗೆ ನಾನೂ ಮುಟ್ಟಿ ನೋಡಿದೆ. ನನ್ನ ಕೈಯೂ ಸುಳ್ಳು ಹೇಳ್ತು."

ಮಾವ ಚಪ್ಪಲಿ ಮೆಟ್ಟಿಕೊಂಡರು. ಒಂದು ಚಪ್ಪಲಿ ಮೇಜಿನಡಿ ಸರಿದಿತ್ತು. ಅವಳು ಬಗ್ಗಿ ತೆಗೆದುಕೊಟ್ಟಳು. ಬಗ್ಗಿದ್ದು ಸೊಸೆಯೋ ಡಾಕ್ಟರೋ ಎಂದು ಈ ಸಲ ತಲೆ ಕೆಡಿಸಿಕೊಳ್ಳಲಿಲ್ಲ.

ಮಂಚದ ಬಳಿ ಅವರೇ ಇನ್ನೊಮ್ಮೆ ಅಳೆಯಲು ಹೇಳಿದರು. ನಳಿಕೆಯ ಮಟ್ಟ ಸರಿಯಿದೆಯೇ ಎಂದು ಕಣ್ಣನ್ನು ಮಂಚದ ಎತ್ತರಕ್ಕೆ ತಂದು ಪರೀಕ್ಷಿಸಿದರು. ಇಪ್ಪತ್ತೇಳು. ಅವರು ಅಂಕಿಯನ್ನು ಒಂದು ಸಲ ನೋಡಿ, ಆಮೇಲೆ ಮೂತ್ರದ ಚೀಲವನ್ನು ಕೈಯಲ್ಲೆತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಥಿಯೇಟರಿಗೆ ಸಾಗಿಸೋದು ಬೇಡ. ದಾರೀಲಿ ಏನಾದ್ರೂ ಆದ್ರೆ ಕಷ್ಟ. ಇಲ್ಲೇ ತೆರೀತೀನಿ. ಸಾಮಾನು ತರಿಸು," ಎಂದರು.

ಪರದೆ ಎಳೆದರು. ಅವಳು ತಲೆಯ ಕಡೆ ನಿಂತಳು, ವೆಂಟಿಲೇಟರು ಎಡಗೈಗೆ, ಔಷಧಗಳು ಬಲಗೈಗೆ. ಬಿಗಿ ಒಮ್ಮೆಲೇ ಸಡಿಲವಾದರೆ ಬಿಪಿ ಕುಸಿಯುತ್ತದೆಂದು ಗೊತ್ತಿದ್ದರಿಂದ ಬೇಕಾದದ್ದನ್ನು ಸಿರಿಂಜಿನಲ್ಲಿ ತುಂಬಿಟ್ಟಿದ್ದಳು. ಮಾವ ತಮ್ಮ ಹೊಲಿಗೆಯ ಮೇಲಿನ ತುದಿಗೆ ಕತ್ತರಿ ಹಾಕಿದರು. ಅವಸರವಿಲ್ಲ, ಸಿಟ್ಟಿಲ್ಲ, ಬೇರೆ ಯಾರೋ ಹೊಲಿದದ್ದೇನೋ ಎಂಬಂತೆ ಬಿಚ್ಚುತ್ತ ಇಳಿದರು. ದಾರ ಸಡಿಲಿದಂತೆ ಕರುಳು ಒಳಗಿನಿಂದ ಎದ್ದು ಬಂತು, ನಸುಗಪ್ಪು, ಹೊಳೆಯುತ್ತ, ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದ ಜನರಂತೆ ಒಂದನ್ನೊಂದು ನೂಕಿಕೊಂಡು. ವೆಂಟಿಲೇಟರಿನ ಎಚ್ಚರಿಕೆಯ ಕೂಗು ತನ್ನಷ್ಟಕ್ಕೆ ನಿಂತಿತು. ಎದೆ ಸಲೀಸಾಗಿ ಏರಿತು. ಮತ್ತು ಆ ಗಳಿಗೆಯಲ್ಲಿ ಅವಳು ನೋಡುತ್ತಿದ್ದುದು ಎದೆಯನ್ನಲ್ಲ, ಮುಖಗವುಸಿನ ಮೇಲಿನ ಮಾವನ ಕಣ್ಣುಗಳನ್ನು. ಅಲ್ಲಿ ಏನನ್ನೋ ಕಾಣಬೇಕಿತ್ತು ಅವಳಿಗೆ. ಸೋಲನ್ನೋ, ಒಪ್ಪಿಗೆಯನ್ನೋ. "ಡಾಕ್ಟ್ರೇ, ಬಿಪಿ," ಎಂದಳು ಸಿಸ್ಟರು. ಅವಳು ಬೆಂಕಿ ತಾಕಿದಂತೆ ಕಣ್ಣು ಕಿತ್ತು ಮಾನಿಟರಿಗೆ ತಂದಳು. ಬೀಳುತ್ತಿತ್ತು. ಸಿರಿಂಜು ಕೈಯಲ್ಲೇ ಇತ್ತು; ಕೊಟ್ಟಳು; ಕಾದಳು; ಇನ್ನೊಮ್ಮೆ ಕೊಟ್ಟಳು. ನಿಂತಿತು. ಏರಿತು. ಆ ಒಂದು ಕ್ಷಣ ತಾನು ಎಲ್ಲಿದ್ದೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗುವಂಥದೂ ಅಲ್ಲ. ಅದನ್ನು ಮಾತ್ರ ಅವಳು ತನ್ನೊಳಗೇ ಇಟ್ಟುಕೊಳ್ಳಬೇಕಾಯಿತು. ಮಾವ ಕರುಳ ಮೇಲೆ ಹಾಳೆ ಹಾಸಿ, ಅಂಚುಗಳನ್ನು ಅಂಟಿಸುತ್ತ, "ಬಣ್ಣ ತಿರುಗ್ತಿದೆ ನೋಡು. ಕೆಂಪಾಗ್ತಿದೆ," ಎಂದರು. ಆ ದನಿಯಲ್ಲಿ ಬರಿಯ ಸಂತೋಷವಿತ್ತು. ಅವರ ಕಣ್ಣಲ್ಲಿ ತಾನು ಹುಡುಕಿದ್ದು ಮೊದಲಿಂದಲೂ ಅಲ್ಲಿರಲೇ ಇಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ನಳಿಕೆಯಲ್ಲಿ ಮೂತ್ರ ಹನಿಯತೊಡಗಿತು. ಅಕ್ಕನನ್ನು ಒಳಗೆ ಕರೆದಳು. ಪಾರದರ್ಶಕ ಹಾಳೆಯಡಿ ತಮ್ಮನ ಕರುಳು ನಿಧಾನವಾಗಿ ಹೊರಳುವುದನ್ನು ಅಕ್ಕ ನೋಡಿದಳು. ಸೆರಗು ಬಾಯಿಗೆ ಹೋಯಿತು, ಅಲ್ಲೇ ನಿಂತಿತು. "ಇದೇನಾ ಅವನಿಗೆ ಹಸಿವಾದಾಗ ಕೂಗ್ತಿದ್ದಿದ್ದು," ಎಂದಳು. ಆಮೇಲೆ ನಕ್ಕಳೋ ಅತ್ತಳೋ, ಎರಡೂ ಒಂದೇ ಥರ ಕೇಳಿಸಿತು.

ಸಂಜೆ ಮನೆಯಲ್ಲಿ ಅತ್ತೆ ಹೊಸ ಕನ್ನಡಕದಿಂದ ಇಬ್ಬರನ್ನೂ ನೋಡಿ, "ಯಾಕೆ, ಇಬ್ಬರ ಮುಖವೂ ಹೀಗಿದೆ?" ಎಂದರು.

"ನಿನ್ನ ಸೊಸೆ ನನ್ನ ಹೊಲಿಗೆ ಬಿಚ್ಚಿಸಿದ್ಳು," ಎಂದರು ಮಾವ.

"ಬದುಕಿದ್ನಾ?"

"ಸದ್ಯಕ್ಕೆ ಬದುಕಿದ್ದಾನೆ."

"ಮತ್ತೆ ಬಿಗುಮಾನ ಯಾಕೆ? ಕೈಕಾಲು ತೊಳ್ಕೊಂಡು ಬನ್ನಿ, ಊಟ ಆರ್ತಿದೆ."

ಆ ವಾರವೆಲ್ಲ ಅವಳು ಅವನ ಮೈಯಿಂದ ನೀರು ತೆಗೆದಳು, ತುಂಬಿದ್ದಕ್ಕಿಂತ ಹೆಚ್ಚಿನ ಎಚ್ಚರದಿಂದ. ಮುಖ ಇಳಿಯಿತು, ಕಣ್ಣು ಕಾಣಿಸಿತು. ದಿನ ಬಿಟ್ಟು ದಿನ ಮಾವ ಹಾಳೆ ಬದಲಿಸಿದರು. ಬದಲಿಸುವಾಗೆಲ್ಲ ಕರುಳಿನ ಒಂದೊಂದು ಸುರುಳಿಯನ್ನೂ ಮೆಲ್ಲಗೆ ತಿರುಗಿಸಿ, ಎಲ್ಲಾದರೂ ತೂತಾಗಿದೆಯೇ ಎಂದು ಹುಡುಕುವುದನ್ನು ಅವಳು ಕಂಡಳು. ಆ ಹೆಂಗಸನ್ನು ಅವರು ಇವನೊಳಗೆ ಹುಡುಕುತ್ತಿದ್ದಾರೆ ಎಂದು ಅವಳಿಗೆ ಮಾತ್ರ ಗೊತ್ತಿತ್ತು. ತೂತಿರಲಿಲ್ಲ. ಮುಚ್ಚಬಹುದು ಎನಿಸಿದ ಬೆಳಿಗ್ಗೆ ಥಿಯೇಟರಿಗೆ ಒಯ್ದರು. ಅವಳನ್ನೂ ಬರಹೇಳಿದರು. ಬೇಕಿರಲಿಲ್ಲ, ಅಲ್ಲಿ ಅರಿವಳಿಕೆಯ ವೈದ್ಯರಿದ್ದರು. ಆದರೂ ಬಂದಳು.

ಮಾವ ಚರ್ಮದಡಿಯ ಗಟ್ಟಿ ಪದರವನ್ನು ಕೆಳಗಿನ ತುದಿಯಿಂದ ಹೊಲಿಯುತ್ತ ಬಂದರು. ಮೊದಲ ಹೊಲಿಗೆ ಎಳೆದು, ಗಂಟು ಹಾಕುವ ಮುಂಚೆ, ತಲೆಯೆತ್ತದೆ ಕೇಳಿದರು. "ಎಷ್ಟು?"

"ಹತ್ತು."

ಗಂಟು ಹಾಕಿದರು. ಮೇಲಿನ ತುದಿಯಿಂದಲೂ ಕೆಲವು ಹಾಕಿ ನಡುವಿಗೆ ಬಂದರು. ಪ್ರತಿ ಹೊಲಿಗೆಗೂ ಎಷ್ಟು ಎಂದು ಕೇಳುವುದು, ಅವಳು ಹೇಳುವವರೆಗೆ ದಾರವನ್ನು ಬೆರಳಿಗೆ ಸುತ್ತಿ ಹಿಡಿದು ನಿಲ್ಲುವುದು. ಸುತ್ತ ನಿಂತ ಕಿರಿಯರಲ್ಲಿ ಒಬ್ಬ ಮುಖಗವುಸಿನೊಳಗೆ ಕೆಮ್ಮಿದ, ನಗಲಿಲ್ಲ. ಹನ್ನೊಂದು. ಹನ್ನೆರಡು. ನಡುವೆ ಮೂರು ಬೆರಳಗಲ ಉಳಿದಾಗ ಮಾವ ಅಂಚುಗಳನ್ನು ಹತ್ತಿರಕ್ಕೆ ಎಳೆದು ಹಿಡಿದರು. ಇಷ್ಟೇ ಇಷ್ಟು, ಕೂಡಿಸಿದರೆ ಕೂಡುತ್ತಿತ್ತು.

"ಎಷ್ಟು?"

ಉಸಿರು ಪೂರ್ತಿ ಹೊರಹೋಗಲೆಂದು ಅವಳು ಕಾದಳು. "ಹದಿನಾರು. ಉಸಿರಿನ ಒತ್ತಡವೂ ಏರ್ತಿದೆ. ಬೇಡ ಸರ್, ಅದನ್ನ ಬಿಡಿ."

ಅವರು ಅಂಚುಗಳನ್ನು ಬಿಟ್ಟರು. ಅವು ಮೆಲ್ಲಗೆ ದೂರ ಸರಿದವು. "ಬರೀ ಚರ್ಮ ಹೊಲೀಬಹುದು. ಆದ್ರೆ ಮುಂದೆ ಅಲ್ಲಿ ಉಬ್ಬುತ್ತೆ. ಕೆಮ್ಮಿದಾಗೆಲ್ಲ ಮುಷ್ಟಿಯಷ್ಟು ಎದ್ದು ನಿಲ್ಲುತ್ತೆ. ಇದನ್ನ ಯಾವನಪ್ಪಾ ಹೊಲಿದಿದ್ದು ಅಂತ ಕೇಳ್ತಾರೆ ಜನ."

"ಕೇಳಲಿ ಬಿಡಿ ಸರ್. ಕೆಮ್ಮೋಕೆ ಅವನಿರ್ತಾನಲ್ಲ."

ಮಾವ ಅವಳ ಕಡೆ ಒಮ್ಮೆ ನೋಡಿದರು. ಆಮೇಲೆ ದಪ್ಪ ಸೂಜಿಯನ್ನು ಟ್ರೇಯಲ್ಲಿಟ್ಟು, ಚರ್ಮ ಹೊಲಿಯುವ ದಾರ ಕೊಡಿ ಎಂದು ಕೈ ಚಾಚಿದರು.